ಸತ್ತ ಕೋಳಿಗೆ ದುಡ್ಡಿಲ್ಲ ಅಂದ್ರೆ ಯಾರು ಬಾಯಿ ಬಿಡ್ತಾರೆ?

2025ರ ಮಾರ್ಚ್ ತಿಂಗಳಲ್ಲಿ ನಮ್ಮ ಕಂಟೋನ್ಮೆಂಟ್‌ನಲ್ಲಿ ಒಂದೇ ಪ್ರಶ್ನೆ: "ಚಿಕನ್ ತಿನ್ಬೋದಾ ಸಾರ್?" ಸಂಡೂರು ತಾಲ್ಲೂಕಿನ ಕುರೇಕುಪ್ಪದಲ್ಲಿ ಸುಮಾರು 2,400 ಕೋಳಿ ಸತ್ತು, ಹಕ್ಕಿ ಜ್ವರ ಅಂತ ಖಚಿತವಾಗಿತ್ತು. ಆ ಪ್ರಶ್ನೆಗೆ ಉತ್ತರ ಒಂದೇ ಸಾಲು. 70 ಡಿಗ್ರಿಗೆ ಪೂರ್ತಿ ಬೆಂದರೆ ವೈರಸ್ ಸಾಯುತ್ತೆ, ನಮ್ಮ ಸಾರು ಕುದಿಯೋದು ನೂರರಲ್ಲಿ. ಮುಗೀತು!

ಆದ್ರೆ ಸ್ವಾಮಿ, ಅಪಾಯ ಇರೋದು ತಿನ್ನೋನಿಗಿಂತ ಹೆಚ್ಚಾಗಿ ಸಾಕೋರಿಗೆ, ಕೊಯ್ಯೋರಿಗೆ. ಅದೇ ಮಾರ್ಚ್‌ನಲ್ಲಿ ಪಕ್ಕದ ಆಂಧ್ರದ ಪಲ್ನಾಡು ಜಿಲ್ಲೆಯಲ್ಲಿ ಎರಡು ವರ್ಷದ ಮಗು ಈ ಜ್ವರಕ್ಕೆ ಬಲಿಯಾಯ್ತು. ಹಸಿ ಕೋಳಿಮಾಂಸದ ಚೂರು ಬಾಯಿಗೆ ಹಾಕಿಕೊಂಡಿತ್ತಂತೆ. ಕುರುಗೋಡು, ಸಿರುಗುಪ್ಪ ಕಡೆ ಹಿತ್ತಲಲ್ಲಿ ಐದಾರು ನಾಟಿ ಕೋಳಿ ಸಾಕಿರೋ ತಾಯಿಗೆ ಇದನ್ನ ಯಾರು ಹೇಳಿದ್ರು?

ಇನ್ನು ನಿಯಮ ನೋಡಿ. ರೋಗ ಖಚಿತವಾದ ಮೇಲೆ 1 ಕಿ.ಮೀ. ಒಳಗಿನ ಕೋಳಿಗಳನ್ನ ಕೊಲ್ತಾರೆ, 10 ಕಿ.ಮೀ. ತನಕ ನಿಗಾ ಇಡ್ತಾರೆ. ಸರ್ಕಾರ ಕೊಂದ ಕೋಳಿಗೆ ಪರಿಹಾರ ಉಂಟು. ಅದಕ್ಕೂ ಮೊದಲೇ ಸತ್ತ ಕೋಳಿಗೆ ಇಲ್ಲ! ಅಂದ್ರೆ ಮೊದಲು ನಷ್ಟ ಆದವಳಿಗೇ ಸೊನ್ನೆ. ಅವಳು ಬಾಯಿ ಬಿಟ್ಟರೆ ಉಳಿದ ಕೋಳಿಯೂ ಹೋಗುತ್ತೆ, ಅಕ್ಕಪಕ್ಕದವರ ಶಾಪ ಬೇರೆ. ಹಾಗಾಗಿ ತೂಕಡಿಸೋ ಕೋಳಿ ಸಂತೆಗೆ, ಸತ್ತದ್ದು ಕಾಲುವೆಗೆ. ಇದು ಹಳ್ಳಿಯವರ ಅಜ್ಞಾನ ಅಲ್ಲ, ಲೆಕ್ಕಾಚಾರ. ಆ ಲೆಕ್ಕ ಹಾಕಿಕೊಟ್ಟಿದ್ದು ನಿಯಮ.

"ಸತ್ತದ್ದಕ್ಕೆಲ್ಲ ದುಡ್ಡು ಕೊಟ್ರೆ ಸುಳ್ಳು ಲೆಕ್ಕ ಬರುತ್ತೆ" ಅಂತೀರಾ? ಸರಿ. ಮೊದಲ ಸಾವಿನ ದಿನವೇ ತಿಳಿಸಿದವರಿಗೆ, ಭೋಪಾಲದ ಲ್ಯಾಬ್‌ನಲ್ಲಿ ರೋಗ ಖಚಿತವಾದರೆ ಮಾತ್ರ ಕೊಡಿ. ಒಂದು ಕೇರಿಯ ಸತ್ತ ಕೋಳಿಗಳ ಬೆಲೆ ಎಷ್ಟಾದೀತು? ಇಡೀ ಜಿಲ್ಲೆಯ ಕೋಳಿ ವ್ಯಾಪಾರ ಕುಸಿದರೆ ಆಗೋ ನಷ್ಟದ ಮುಂದೆ ಅದು ಚಿಲ್ಲರೆ ಕಾಸು.

ನಮ್ಮ ದೇಶಕ್ಕೆ ಈ ರೋಗ 2006ರಲ್ಲೇ ಮಹಾರಾಷ್ಟ್ರದ ನವಾಪುರದಲ್ಲಿ ಕಾಣಿಸಿಕೊಂಡಿತ್ತು. ಇಷ್ಟು ವರ್ಷ ಆದ್ರೂ ನಾವು ಎಚ್ಚರಾಗೋದು ಸಾವಿರಗಟ್ಟಲೆ ಸತ್ತ ಮೇಲೇ.

ಅಲ್ಲಿವರೆಗೆ ಹಳ್ಳಿಯಲ್ಲಿರೋ ನಿಮ್ಮ ನೆಂಟರಿಗೆ ಇಷ್ಟು ಹೇಳಿ: ಕೋಳಿಗಳು ಒಟ್ಟಿಗೆ ಸತ್ತರೆ ಬರಿಗೈಲಿ ಮುಟ್ಟಬೇಡಿ, ಮಕ್ಕಳನ್ನ ದೂರ ಇಡಿ, ಕೊಯ್ಯಬೇಡಿ, ಮಾರಬೇಡಿ, ನೀರಿಗೆ ಎಸೀಬೇಡಿ. ಪಶು ಆಸ್ಪತ್ರೆಗೆ ತಿಳಿಸಿ, ಇಲ್ಲಾ 1962ಕ್ಕೆ ಫೋನ್ ಮಾಡಿ.

ನಮ್ಮ ತಟ್ಟೆಯ ಚಿಂತೆ ಸಾಕು. ಅವರ ಹಿತ್ತಲಿನ ಬಗ್ಗೆ ಏನಂತೀರಿ?