‘ಮೂಳೆ ಬೇರೆ, ಕೊಬ್ಬು ಬೇರೆ’ ಎನ್ನುವವರಿಗೆ

ಅತ್ತಿಬೆಲೆಯ ಟೀ ಅಂಗಡಿಯಿಂದ ಮೆಡಿಕಲ್ ಶಾಪಿನ ಕಟ್ಟೆಯವರೆಗೆ ಒಂದೇ ತೀರ್ಪು: ಮೂಳೆ ಬೇರೆ, ಕೊಬ್ಬು ಬೇರೆ, ಅದಕ್ಕೆ ಕ್ಯಾಲ್ಸಿಯಂ ಮಾತ್ರೆ, ಇದಕ್ಕೆ ವಾಕಿಂಗು. ವಾದ ನನ್ನದು, ತೀರ್ಮಾನ ಓದುಗರದು.

ಎರಡಕ್ಕೂ ನಂಟೇ ಇಲ್ಲವಂತೆ. ಮಜ್ಜೆಯೊಳಗೆ ಇವು ಒಂದೇ ತಾಯಿಯ ಮಕ್ಕಳು: ಅಲ್ಲಿನ ಮೂಲಕೋಶ ಮೂಳೆ ಕಟ್ಟುವ ಕೋಶವೂ ಆಗಬಲ್ಲದು, ಕೊಬ್ಬಿನ ಕೋಶವೂ ಆಗಬಲ್ಲದು. ಪಿಪಿಎಆರ್-ಗಾಮಾ ಎಂಬ ಗ್ರಾಹಕ ಕೆರಳಿದರೆ ಅದು ಕೊಬ್ಬಿನ ಕಡೆ ವಾಲುತ್ತದೆ. ಸಕ್ಕರೆ ಕಾಯಿಲೆಗೆ ಕೊಡುತ್ತಿದ್ದ ರೋಸಿಗ್ಲಿಟಜೋನ್ ಕೆರಳಿಸುವುದು ಇದನ್ನೇ. 2006ರಲ್ಲಿ ಪ್ರಕಟವಾದ ಅಡಾಪ್ಟ್ ಪ್ರಯೋಗದಲ್ಲಿ ಆ ಮಾತ್ರೆ ನುಂಗಿದ ಹೆಂಗಸರಲ್ಲಿ ಶೇ. 9.3ರಷ್ಟು ಮಂದಿಗೆ ಮೂಳೆ ಮುರಿದಿತ್ತು. ಅದೇ ಕಾಯಿಲೆಯ ಇನ್ನೊಂದು ಮಾತ್ರೆ ಮೆಟ್‌ಫಾರ್ಮಿನ್ ನುಂಗಿದವರಲ್ಲಿ ಶೇ. 5.1. ನಮ್ಮ ದೇಶ 2010ರಲ್ಲಿ ರೋಸಿಗ್ಲಿಟಜೋನನ್ನು ನಿಲ್ಲಿಸಿದ್ದು ಹೃದಯದ ಭಯಕ್ಕೆ, ಮೂಳೆಯ ಚಿಂತೆಗಲ್ಲ, ಒಪ್ಪಿದೆ. ಆದರೆ ನಂಟೇ ಇಲ್ಲದ ಕಡೆ ಈ ಮುರಿತ ಎಲ್ಲಿಂದ ಬಂತು?

ಮರುಕ್ಷಣವೇ ಇವರ ಇನ್ನೊಂದು ಮಾತು: ದಪ್ಪಗಿದ್ದವರ ಮೂಳೆ ಗಟ್ಟಿ, ಹೊಟ್ಟೆಯೇ ವಿಮೆ. ಈಗಷ್ಟೇ ಹರಿದ ನಂಟನ್ನು ತಾವೇ ಗಂಟು ಹಾಕಿದರಲ್ಲ! ಭಾರ ಹೊತ್ತ ಮೂಳೆ ಬಲಿಯುವುದು, ಕೊಬ್ಬಿನಲ್ಲಿ ಈಸ್ಟ್ರೊಜೆನ್ ತಯಾರಾಗುವುದು ಎರಡೂ ನಿಜ. ಅದೇ ಕೊಬ್ಬು ಲೆಪ್ಟಿನ್ ಎಂಬ ಹಾರ್ಮೋನನ್ನೂ ಸುರಿಸುತ್ತದೆ. 2000ದಲ್ಲಿ ವಿಜ್ಞಾನಿ ಜೆರಾರ್ಡ್ ಕಾರ್ಸೆಂಟಿ ತಂಡ ಇಲಿಗಳ ಮಿದುಳಿಗೆ ಲೆಪ್ಟಿನ್ ಹನಿಸಿದಾಗ ಮೂಳೆ ಕಡಿಮೆಯಾಯಿತು. ವಿಮೆಯ ಈ ಷರತ್ತನ್ನು ಯಾರೂ ಓದಿದಂತಿಲ್ಲ.

ನಂಟನ್ನು ಒಪ್ಪಿಕೊಂಡವರ ಪೈಕಿ ಇನ್ನೊಂದು ಗುಂಪಿದೆ: ಮೂಳೆಯ ಆಸ್ಟಿಯೋಕ್ಯಾಲ್ಸಿನ್ ಹಾರ್ಮೋನು ಹೆಚ್ಚಿಸಿಕೊಂಡರೆ ಸೊಂಟ ಕರಗುತ್ತದೆಂದು ನಂಬಿದವರು. ಆಧಾರ, ಮತ್ತೆ ಕಾರ್ಸೆಂಟಿ ತಂಡದ್ದೇ 2007ರ ಇಲಿ ಪ್ರಯೋಗ: ಆ ಹಾರ್ಮೋನಿಲ್ಲದ ಇಲಿಗಳಲ್ಲಿ ಕೊಬ್ಬು ಹೆಚ್ಚಿತ್ತು, ಇನ್ಸುಲಿನ್ ಕಡಿಮೆಯಿತ್ತು. 2020ರಲ್ಲಿ ಎರಡು ಬೇರೆ ತಂಡಗಳು ಅದೇ ಜೀನ್ ಕಳೆದ ಇಲಿಗಳನ್ನು ಹೊಸದಾಗಿ ಬೆಳೆಸಿದಾಗ ಸಕ್ಕರೆಯಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ನಂಟಿದೆ ಎಂದ ಮಾತ್ರಕ್ಕೆ ಪ್ರತಿ ಗಂಟೂ ಬಿಗಿಯಾಗಿದೆ ಎಂದಲ್ಲ. ಇಲಿಯ ಹೆಸರಲ್ಲಿ ಕನಸು ಮಾರುವವರು 2020ರ ಪುಟ ತಿರುವುವುದಿಲ್ಲ. ಕೇಳಿದರೆ ಫೋನು ನೋಡುತ್ತಾರೆ.

ಕೊನೆಯದು, ‘ಆನೇಕಲ್ ಸೀಮೆಯವರು ನಾವು, ರಾಗಿಮುದ್ದೆಯೂ ಇದೆ, ಬಿಸಿಲೂ ಇದೆ’ ಎಂಬ ಹೆಮ್ಮೆ. ನೂರು ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇರುವುದು ಸರಿಯೇ. ಅದನ್ನು ಕರುಳು ಸರಿಯಾಗಿ ಹೀರಿಕೊಳ್ಳಲು ವಿಟಮಿನ್ ಡಿ ಬೇಕು, ಮೂತ್ರಪಿಂಡದಲ್ಲಿ ಹದಗೊಂಡ ಮೇಲೆ ಅದೂ ಹಾರ್ಮೋನೇ. ಚರ್ಮ ಅದನ್ನು ತಯಾರಿಸುವ ಕಿರಣವನ್ನು ಗಾಜು ತಡೆಯುತ್ತದೆ. ನೈಟ್ ಶಿಫ್ಟ್ ಮುಗಿಸಿ ಕಂಪನಿ ಬಸ್ಸಿನ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದವರ ಮುಖಕ್ಕೆ ಬಿಸಿಲೇನೋ ಬಿದ್ದಿರುತ್ತದೆ.