ಇಕೋ ಬಟನ್ ಒತ್ತಿ ಘಾಟಿ ಹತ್ತಬೇಡಿ

ಅಡಿಕೆಗೆ ರೇಟು ಬಂದ ಮೇಲೆ ನಮ್ಮ ಕಡೆ ಸುಮಾರು ಮನೆಗಳಿಗೆ ಸಣ್ಣ ಟರ್ಬೊ ಪೆಟ್ರೋಲ್ ಕಾರು ಬಂದಿದೆ. ಬರಲಿ, ಒಳ್ಳೇದೇ. ಕಾರಿನ ಜೊತೆಗೆ ಒಂದು ಉಪದೇಶವೂ ಬಂದಿದೆ: ಇಕೋ ಒತ್ತಿ, ಟಾಪ್ ಗೇರಲ್ಲಿ ಮೆಲ್ಲಗೆ ಹೋಗಿ, ಮೈಲೇಜ್ ತಾನಾಗೇ ಬರುತ್ತೆ. ಶೋರೂಮಿನ ಹುಡುಗನೂ ಇದೇ ಹೇಳ್ತಾನೆ, ಗ್ಯಾರೇಜಿನವನೂ ಇದೇ ಹೇಳ್ತಾನೆ. ಶಿವಮೊಗ್ಗದ ಸಮ ರಸ್ತೆಗೆ ಈ ಮಾತು ಸರಿ. ಐದು ಜನ ಕೂತು, ಡಿಕ್ಕಿ ತುಂಬಿಸಿಕೊಂಡು, ಸೋಮೇಶ್ವರದಿಂದ ಆಗುಂಬೆ ಹತ್ತುವವರಿಗೆ ಇದು ಕೆಟ್ಟ ಮಾತು.

ನಾವು ಇದನ್ನ ಸುಲಭವಾಗಿ ನಂಬೋದಕ್ಕೆ ಕಾರಣ ಇದೆ. ನಮ್ಮ ಕೈಕಾಲು ಪಳಗಿದ್ದು ಟ್ರ್ಯಾಕ್ಟರ್, ಡೀಸೆಲ್ ಜೀಪಿನಲ್ಲಿ. ಡೀಸೆಲ್ ಇಂಜಿನ್ ಬರೀ ಗಾಳಿಯನ್ನು ಒತ್ತುತ್ತೆ, ಎಣ್ಣೆ ಬೀಳೋದು ಕೊನೇ ಗಳಿಗೆಯಲ್ಲಿ. ಮೊದಲೇ ಹೊತ್ತಿಕೊಳ್ಳೋಕೆ ಒಳಗೆ ಏನೂ ಇರಲ್ಲ. ಪೆಟ್ರೋಲ್ ಹಾಗಲ್ಲ. ಗಾಳಿ, ಪೆಟ್ರೋಲ್ ಎರಡೂ ಬೆರೆತು ಒತ್ತಡದಲ್ಲಿ ಕಾಯ್ತಿರುತ್ತೆ, ಪ್ಲಗ್ ಕಿಡಿ ಕೊಟ್ಟ ಮೇಲೆ ಉರಿಯಬೇಕು. ಈಗ 1500ರಿಂದ 2500 ಆರ್‌ಪಿಎಂ ಒಳಗೆ, ಮೇಲಿನ ಗೇರಲ್ಲಿ, ಆಕ್ಸಿಲರೇಟರ್ ಪೂರ್ತಿ ತುಳಿದ್ರಿ ಅಂತ ಇಟ್ಕೊಳ್ಳಿ. ಟರ್ಬೊ ಗಾಳಿ ತುಂಬ್ತಾ ಇದೆ, ಪಿಸ್ಟನ್ ಮಾತ್ರ ನಿಧಾನ. ಸಿಲಿಂಡರಿನ ಗೋಡೆಗೆ ಅಂಟಿದ ಇಂಜಿನ್ ಆಯಿಲಿನ ಹನಿ ಪೆಟ್ರೋಲಿನ ಜೊತೆ ಸೇರಿ ಒಳಗೆ ಹಾರಿದರೆ, ಅಥವಾ ಮಸಿಯ ಚೂರು ಎದ್ದರೆ, ಅದೇ ಕಿಡಿಯಾಗುತ್ತೆ. ಪಿಸ್ಟನ್ ಇನ್ನೂ ಮೇಲೆ ಬರ್ತಿರುವಾಗಲೇ ಬೆಂಕಿ! ಇಂಗ್ಲಿಷಲ್ಲಿ ಲೋ ಸ್ಪೀಡ್ ಪ್ರೀ ಇಗ್ನಿಷನ್ ಅಂತಾರೆ. ಪೆಟ್ರೋಲನ್ನು ನೇರ ಸಿಲಿಂಡರಿಗೇ ಸಿಂಪಡಿಸುವ ಇಂಜಿನ್ನುಗಳಲ್ಲಿ ಇದರ ಕಾಟ ಹೆಚ್ಚು. ದಿನಾ ಆಗೋದಲ್ಲ, ಎಲ್ಲರಿಗೂ ಆಗೋದೂ ಅಲ್ಲ. ಆದಾಗ ಮಾತ್ರ ಪಿಸ್ಟನ್ ರಿಂಗ್ ಕೂರೋ ಅಂಚು ಒಡೆಯುತ್ತೆ, ಕನೆಕ್ಟಿಂಗ್ ರಾಡ್ ಬಗ್ಗೋದೂ ಉಂಟು.

"ಕಂಪ್ಯೂಟರ್ ಇದೆಯಲ್ಲ, ಅದೇ ನೋಡ್ಕೊಳ್ಳುತ್ತೆ" ಅನ್ನೋರಿಗೆ ಒಂದು ಮಾತು. ಮಾಮೂಲಿ ನಾಕಿಂಗ್ ಕಿಡಿ ಬಿದ್ದ ಮೇಲೆ ಆಗೋದು. ಅದನ್ನು ಸೆನ್ಸರ್ ಕೇಳಿಸಿಕೊಂಡು ಕಿಡಿಯನ್ನ ಸ್ವಲ್ಪ ತಡ ಮಾಡುತ್ತೆ, ಮುಗೀತು. ಇಲ್ಲಿ ಬೆಂಕಿ ಕಿಡಿಗಿಂತ ಮೊದಲೇ ಬಿದ್ದಿರುತ್ತೆ. ತಡ ಮಾಡೋದು ಯಾವುದನ್ನ? ಕಂಪನಿಯವರು ಕಡಿಮೆ ಆರ್‌ಪಿಎಂನಲ್ಲಿ ಟರ್ಬೊ ಒತ್ತಡಕ್ಕೆ ಮಿತಿ ಹಾಕಿರ್ತಾರೆ, ನಿಜ. ಕಾಲು ನಮ್ಮದು ಮಾರಾಯ್ರೆ.

ಇಕೋ ಬಟನ್ನೇ ಪಾಪಿ ಅಂತ ನಾನು ಹೇಳ್ತಿಲ್ಲ. ಅದು ಆಕ್ಸಿಲರೇಟರನ್ನ ಮಂದ ಮಾಡುತ್ತೆ, ಆಟೊಮ್ಯಾಟಿಕ್ ಕಾರಲ್ಲಿ ಗೇರನ್ನ ಬೇಗ ಮೇಲೆ ಹಾಕುತ್ತೆ. ಮಂದ ಅನ್ನಿಸಿದ ಕೂಡಲೇ ನಾವು ಇನ್ನೂ ಜೋರಾಗಿ ತುಳೀತೇವೆ. ಆರ್‌ಪಿಎಂ ಕೆಳಗೆ, ಭಾರ ಮೇಲೆ. ಆಗುಂಬೆಯ 14 ತಿರುವಿನಲ್ಲೂ ಇದೇ ಮಾಡ್ತಾ ಹೋಗೋದು. ಇಷ್ಟು ಮಾಡಿ ಉಳಿಯೋ ಪೆಟ್ರೋಲು ಎಷ್ಟು, ಒಂದು ಲೋಟ? ಘಾಟಿ ಬುಡದಲ್ಲಿ ಇಕೋ ತೆಗೀರಿ. ಗಾಡಿ ಎಳೆಯದಿದ್ದರೆ ತುಳಿಯೋ ಮೊದಲು ಗೇರ್ ಇಳಿಸಿ, ಇಂಜಿನ್ 2500ರ ಮೇಲೆ ಕೂಗಲಿ. ಮೀಟರಿನಲ್ಲಿ ಗೇರ್ ಏರಿಸು ಅಂತ ಬಾಣ ತೋರಿಸಿದರೆ ಘಾಟಿಯಲ್ಲಿ ಅದರ ಮಾತು ಕೇಳಬೇಡಿ.

ನನಗೆ ನಿಜವಾಗಿ ಸಿಟ್ಟು ಬರೋದು ಆಯಿಲ್ ವಿಷಯಕ್ಕೆ. ಪೇಟೆಯ ಒಂದು ಗ್ಯಾರೇಜಿನಲ್ಲಿ ಟ್ರ್ಯಾಕ್ಟರಿಗೆ ಹಾಕೋ 15ಡಬ್ಲ್ಯು-40 ಡ್ರಮ್ಮಿನಿಂದಲೇ ನೆಂಟರ ಟರ್ಬೊ ಕಾರಿಗೂ ಸುರೀತಿದ್ದ. ಕೇಳಿದರೆ "ದಪ್ಪ ಆಯಿಲ್, ಒಳ್ಳೇದು ಅಣ್ಣ" ಅಂದ. ಆಯಿಲಿಗೆ ಬೆರೆಸೋ ಕ್ಯಾಲ್ಸಿಯಂ ಡಿಟರ್ಜೆಂಟ್ ಹೆಚ್ಚಾದಷ್ಟೂ ಈ ಮುಂಚಿತ ಬೆಂಕಿ ಹೆಚ್ಚು, ಡೀಸೆಲ್ ಆಯಿಲಲ್ಲಿ ಅದು ಧಾರಾಳ. ಅದಕ್ಕೇ 2018ರಲ್ಲಿ ಎಪಿಐನವರು ಎಸ್‌ಎನ್ ಪ್ಲಸ್ ಅಂತ, 2020ರಲ್ಲಿ ಎಸ್‌ಪಿ ಅಂತ ಹೊಸ ದರ್ಜೆ ತಂದು, ಇದಕ್ಕೇ ಒಂದು ಪರೀಕ್ಷೆ ಇಟ್ಟರು. ಬರೀ ಎಸ್‌ಎನ್ ದರ್ಜೆಗೆ ಆ ಪರೀಕ್ಷೆ ಇಲ್ಲ. ಕ್ಯಾನಿನ ಹಿಂದೆ ಸಣ್ಣ ಅಕ್ಷರದಲ್ಲಿ ಇರುತ್ತೆ. ಕಾರಿನ ಪುಸ್ತಕದಲ್ಲಿ ಹೇಳಿದ ದಪ್ಪವೇ ಇರಲಿ, ಜೊತೆಗೆ ಎಸ್‌ಪಿ ಇರಲಿ.

ಡೈರಿಗೆ ಹಾಲು, ಪೇಟೆಗೆ ಎರಡು ಕಿಲೋಮೀಟರ್ ಅಂತ ಇಂಜಿನ್ ಬಿಸಿಯಾಗುವ ಮೊದಲೇ ಆಫ್ ಮಾಡೋರು ಡಿಪ್‌ಸ್ಟಿಕ್ ಎಳೆದು ನೋಡ್ತಿರಿ. ಆಯಿಲ್ ಮಟ್ಟ ಏರಿದ್ದು, ಪೆಟ್ರೋಲ್ ವಾಸನೆ ಬಂದರೆ ಸರ್ವಿಸ್ ತಾರೀಕಿಗೆ ಕಾಯಬೇಡಿ.

ಕ್ಯಾನಿನ ಮೇಲೆ ಬರೆದಿದ್ದು ಅರ್ಥ ಆಗದಿದ್ದರೆ ಹಿಂಬದಿಯ ಫೋಟೊ ಕೆಳಗೆ ಹಾಕಿ. ಸಂಜೆ ಕೊಟ್ಟಿಗೆ ಕೆಲಸ ಮುಗಿಸಿ ನೋಡಿ ಹೇಳ್ತೀನಿ.