ಕೋವಿಗೆ ದಾರಿ ಇದೆ, ತೋಟೆಗೆ ಇಲ್ಲ

ವಿಮಾನದಲ್ಲಿ ಕೋವಿ ಒಯ್ಯಬಹುದು ಎಂದರೆ ನಮ್ಮ ಆಫೀಸಿನಲ್ಲಿ ಯಾರೂ ನಂಬುವುದಿಲ್ಲ. ಸೊಂಟದ ಬೆಲ್ಟು ಬಿಚ್ಚಿಸುವವರು, ಅಮ್ಮ ಕಟ್ಟಿಕೊಟ್ಟ ಮಿಡಿ ಉಪ್ಪಿನಕಾಯಿ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡುವವರು ಬಂದೂಕನ್ನು ಬಿಟ್ಟಾರೆಯೇ ಎಂದು ಕೇಳುತ್ತಾರೆ. ಬಿಡುತ್ತಾರೆ. ಕೈಚೀಲದಲ್ಲಲ್ಲ, ಚೆಕ್-ಇನ್ ಲಗೇಜಿನಲ್ಲಿ. ಮೊದಲೇ ಹೇಳಿರಬೇಕು, ಕಾಗದಪತ್ರ ಸರಿ ಇರಬೇಕು, ಕೋವಿ ಖಾಲಿ ಇರಬೇಕು. ಹಾಗಿದ್ದರೆ ಅದು ಸೂಟ್‌ಕೇಸುಗಳ ನಡುವೆ ಮಲಗಿ ನಿಮ್ಮ ಜೊತೆಗೇ ಊರು ಸೇರುತ್ತದೆ. ಆದರೆ ಹೇಳದೆ ಒಯ್ದ ಒಂದೇ ಒಂದು ತೋಟೆ, ಅದರ ಹತ್ತಿರ ಕೋವಿಯೇ ಇಲ್ಲದಿದ್ದರೂ, ನಿಮ್ಮನ್ನು ಠಾಣೆಯ ಬೆಂಚಿನ ಮೇಲೆ ಕೂರಿಸುತ್ತದೆ. ಮೊದಲನೆಯದನ್ನು ನಾನೇ ಮಾಡಿದ್ದೇನೆ, ಎರಡನೆಯದನ್ನು ಹತ್ತಿರದಿಂದ ನೋಡಿದ್ದೇನೆ.

ಮೊದಲು ನೆಟ್ಟಗಿನ ದಾರಿ. ಅಕ್ಕನ ಮಗಳು ಇಲ್ಲಿ ಪುಣೆಯ ಬಾಲೇವಾಡಿ ರೇಂಜಿನಲ್ಲಿ 10 ಮೀಟರ್ ಏರ್ ಪಿಸ್ತೂಲ್ ಅಭ್ಯಾಸ ಮಾಡುತ್ತಾಳೆ. ಒಮ್ಮೆ ದೆಹಲಿಯ ತುಘಲಕಾಬಾದಿನ ಕರ್ಣಿ ಸಿಂಗ್ ರೇಂಜಿನಲ್ಲಿ ಸ್ಪರ್ಧೆ ಇತ್ತು. ಅಕ್ಕ, ಭಾವ ಇಬ್ಬರಿಗೂ ರಜೆ ಸಿಗದೆ ಜೊತೆಗೆ ಹೋಗುವ ಕೆಲಸ ನನ್ನ ಪಾಲಿಗೆ ಬಂತು. ಅವಳ ಪಿಸ್ತೂಲು 4.5 ಮಿಲಿಮೀಟರಿನದು, ಗಾಳಿಯ ಒತ್ತಡದಿಂದ ಸೀಸದ ಚಿಕ್ಕ ಪೆಲೆಟ್ ಹಾರಿಸುವಂಥದು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 20 ಜೂಲ್‌ಗಿಂತ ಕಡಿಮೆ ಶಕ್ತಿಯ ಇಂಥ ಪಿಸ್ತೂಲಿಗೆ ಲೈಸೆನ್ಸ್ ಬೇಕಿಲ್ಲ. ಹಾಗೆಂದು ಕೈಚೀಲದಲ್ಲಿ ಇಡುವಂತಿಲ್ಲ. ಅಲ್ಲಿ ಆಟಿಕೆ ಬಂದೂಕಿಗೂ ಜಾಗವಿಲ್ಲ. (ದೀಪಾವಳಿಗೆ ಊರಿಗೆ ಹೋದಾಗ ಮಗನಿಗೆ ಅಜ್ಜ ಕೊಡಿಸಿದ ಕೇಪಿನ ಪಿಸ್ತೂಲನ್ನು ಅಲ್ಲೇ ಬಿಟ್ಟುಬನ್ನಿ. ಕೇಪು ಸ್ಫೋಟಕ, ಯಾವ ಲಗೇಜಿಗೂ ಸಲ್ಲದು.)

ಕೌಂಟರಿನಲ್ಲಿದ್ದ ಹುಡುಗ 'ಗನ್?' ಎಂದು ಕೇಳಿದ ಜೋರಿಗೆ ಹಿಂದಿನ ಸಾಲಿನವರೆಲ್ಲ ನಮ್ಮತ್ತ ತಿರುಗಿದರು. ಹದಿನಾರರ ಹುಡುಗಿ, ಎರಡು ಜಡೆ, ಕೈಯಲ್ಲಿ ಪ್ಲಾಸ್ಟಿಕ್ ಪೆಟ್ಟಿಗೆ. ಅವನು ಸೂಪರ್‌ವೈಸರನ್ನು ಕರೆದ, ಅವರು ಭದ್ರತೆಯವರನ್ನು ಕರೆದರು. ಲೈಸೆನ್ಸ್ ಎಲ್ಲಿ ಎಂಬ ಪ್ರಶ್ನೆ ಮೂರು ಸಲ ಬಂತು. ಮೂರು ಸಲವೂ ಅವಳು ರೈಫಲ್ ಅಸೋಸಿಯೇಶನ್ನಿನ ಗುರುತಿನ ಚೀಟಿ, ಸ್ಪರ್ಧೆಯ ಪತ್ರ, ನಿಯಮದ ಆ ಪುಟದ ಪ್ರಿಂಟೌಟ್ ಮುಂದಿಟ್ಟಳು. ಪೆಟ್ಟಿಗೆ ತೆರೆಸಿ ನಳಿಗೆಯೊಳಗೆ ನೋಡಿದರು. ಗಾಳಿ ತುಂಬುವ ಸಿಲಿಂಡರನ್ನು ಅವಳು ಮೊದಲೇ ಬಿಚ್ಚಿ ಖಾಲಿ ಮಾಡಿ ಇಟ್ಟಿದ್ದಳು. ರೇಂಜಿನಲ್ಲಿ ಅದಕ್ಕೆ 200 ಬಾರ್‌ವರೆಗೆ ಗಾಳಿ ತುಂಬುತ್ತಾರೆ. ಹಾಗೆಯೇ ತಂದಿದ್ದರೆ ಅಲ್ಲಿಗೇ ನಿಲ್ಲುತ್ತಿತ್ತು. ಮುಳ್ಳು ಸೊನ್ನೆಯಲ್ಲಿದೆ ಎಂದು ತೋರಿಸಿದಳು. ಆಮೇಲೆ ಒಂದು ಫಾರಂ, ಒಂದು ಸಹಿ, ಪೆಟ್ಟಿಗೆಗೆ ಬೀಗ, ಟ್ಯಾಗು. ಎಲ್ಲ ಸೇರಿ ನಲವತ್ತು ನಿಮಿಷ. 'ಮಾಮ, ಇದು ಪ್ರತಿ ಸಲವೂ ಹೀಗೇ, ಅದಕ್ಕೇ ಮೂರು ಗಂಟೆ ಮೊದಲು ಹೊರಡಬೇಕು ಅಂದಿದ್ದು' ಎಂದಳು.

ನಿಜವಾದ ಕೋವಿ, ಅಂದರೆ ಲೈಸೆನ್ಸ್ ಬೇಕಾದದ್ದು, ಇದ್ದರೆ ಹೆಚ್ಚಿನ ಎರಡು ವಿಷಯಗಳಿವೆ. ಲೈಸೆನ್ಸಿನ ಮೂಲ ಪ್ರತಿ ಜೊತೆಗಿರಬೇಕು, ಮತ್ತು ಅದು ನೀವು ಹೊರಡುವ ಊರಿಗೂ ಇಳಿಯುವ ಊರಿಗೂ ಅನ್ವಯಿಸುತ್ತಿರಬೇಕು. ಜಿಲ್ಲೆಗೆ ಮಾತ್ರ ಕೊಟ್ಟ ಲೈಸೆನ್ಸ್ ಹಿಡಿದು ಪುಣೆಗೋ ಹೈದರಾಬಾದಿಗೋ ಹೊರಟರೆ ಕೌಂಟರಿಗಿಂತ ಮೊದಲೇ ಕಾನೂನು ಮುರಿದಂತೆ. ಇನ್ನೊಂದು, ಮದ್ದುಗುಂಡು. ಅದು ಕೋವಿಯಿಂದ ಬೇರೆಯಾಗಿ, ಗಟ್ಟಿ ಡಬ್ಬಿಯಲ್ಲಿ ಇರಬೇಕು. ಡಬ್ಬಿಯ ತೂಕವೂ ಸೇರಿ ಒಬ್ಬರಿಗೆ 5 ಕಿಲೋ ಮಿತಿ. ಗಂಡನದು ಐದು, ಹೆಂಡತಿಯದು ಐದು ಎಂದು ಒಂದೇ ಡಬ್ಬಿಯಲ್ಲಿ ಹತ್ತು ಕಿಲೋ ಕಟ್ಟುವಂತಿಲ್ಲ. ವಿಮಾನ ಕಂಪನಿಗಳು ಇದಕ್ಕೆ ಬೇರೆ ಶುಲ್ಕ ಹಾಕುತ್ತವೆ. ಟಿಕೆಟ್ ಕೊಳ್ಳುವ ಮೊದಲೇ ಫೋನ್ ಮಾಡಿ ಕೇಳುವುದು ಒಳ್ಳೆಯದು.

ಕೊಡಗಿನ ಸ್ನೇಹಿತರಿಗೆ ಇಲ್ಲಿ ಒಂದು ಮಾತು. 1861ರಲ್ಲಿ ಮಾರ್ಕ್ ಕಬ್ಬನ್ ಹೊರಡಿಸಿದ ಆದೇಶದಿಂದ ಶುರುವಾದ ವಿನಾಯಿತಿ ಇಂದಿಗೂ ಇದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸ್ ಬೇಕಿಲ್ಲ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಆದರೆ ಮಡಿಕೇರಿಯಲ್ಲಿ ಎಲ್ಲರಿಗೂ ಗೊತ್ತಿರುವ ಈ ವಿಷಯ ದೂರದ ನಿಲ್ದಾಣದ ರಾತ್ರಿ ಪಾಳಿಯ ಇನ್‌ಸ್ಪೆಕ್ಟರಿಗೆ ಗೊತ್ತಿರಬೇಕೆಂದೇನೂ ಇಲ್ಲ. ಕೈಲ್ ಮುಹೂರ್ತಕ್ಕೆ ಕೋವಿ ತೆಗೆದುಕೊಂಡು ಹೋಗುವ ಆಸೆ ಇದ್ದರೆ ವಿನಾಯಿತಿ ಪತ್ರ ಕೈಯಲ್ಲಿರಲಿ. ವಿನಾಯಿತಿ ಇರುವುದು ಲೈಸೆನ್ಸಿಗೆ, ವಿಮಾನದ ನಿಯಮಗಳಿಗಲ್ಲ.

ಈಗ ತೋಟೆಯ ಕಥೆ. ನನ್ನ ಸಹೋದ್ಯೋಗಿ ಒಬ್ಬರು ಮೂಡಿಗೆರೆ ಕಡೆಯವರು. ನಮ್ಮ ಮಲೆನಾಡಿನಲ್ಲಿ ಐಟಿ ಮಕ್ಕಳ ಕಂಪನಿ ಬ್ಯಾಗುಗಳು ಕೊನೆಗೆ ಸೇರುವುದು ಅಪ್ಪನ ಹೆಗಲನ್ನು; ನಮ್ಮ ಮನೆಯಲ್ಲೂ ಅಷ್ಟೇ. ಗಟ್ಟಿ ಬಟ್ಟೆ, ನಾಲ್ಕೈದು ಜೇಬು, ಮಳೆಗೆ ನೆನೆಯುವುದಿಲ್ಲ. ಕತ್ತಿ, ಟಾರ್ಚು, ಎಲೆಯಡಿಕೆ ಸಂಚಿ ಎಲ್ಲ ಅದರಲ್ಲಿ. ಈ ಅಪ್ಪನಿಗೆ ಬೆಳೆ ರಕ್ಷಣೆಯ ಲೈಸೆನ್ಸ್ ಇರುವ ಒಂಟಿ ನಳಿಗೆಯ ಕೋವಿಯೂ ಇತ್ತು. ಹಂದಿ ಓಡಿಸಲು ಗದ್ದೆಗೆ ಹೋಗುವಾಗ ಎರಡು ತೋಟೆ ಬ್ಯಾಗಿನ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಒಂದು ಸಲ ಒಂದು ತೋಟೆ ಒಳಗಿನ ಹರಿದ ಅಸ್ತರಿನೊಳಗೆ ಜಾರಿತು. ಮಗ ರಜೆ ಮುಗಿಸಿ ಹೊರಡುವಾಗ ತನ್ನ ಬ್ಯಾಗಿನ ಜಿಪ್ಪು ಕೆಟ್ಟಿತ್ತೆಂದು ಅದೇ ಹಳೆಯ ಬ್ಯಾಗನ್ನು ಕೊಡವಿ ಕಾಫಿ ಪುಡಿ, ಕಾಳುಮೆಣಸು, ಲ್ಯಾಪ್‌ಟಾಪ್ ತುಂಬಿಕೊಂಡರು.

ಎಕ್ಸ್-ರೇ ಪರದೆಯಲ್ಲಿ 12 ಬೋರಿನ ತೋಟೆಯನ್ನು ಬೇರೆ ಏನೋ ಎಂದುಕೊಳ್ಳುವುದು ಕಷ್ಟ. ಹಿತ್ತಾಳೆಯ ತಳ, ಒಳಗೆ ಸೀಸದ ಚರೆ. ಬ್ಯಾಗು ಎರಡು ಸಲ ಹಿಂದೆ ಮುಂದೆ ಹೋಯಿತಂತೆ. ಆಮೇಲೆ ಕಾಫಿ ಪುಡಿಯೆಲ್ಲ ಹೊರಗೆ, ಅಸ್ತರು ಹೊರಗೆ, ತೋಟೆ ಟ್ರೇಯಲ್ಲಿ. ಅಪ್ಪ ವಾಟ್ಸಾಪಿನಲ್ಲಿ ಲೈಸೆನ್ಸಿನ ಫೋಟೋ ಕಳಿಸಿದರು. ಅದು ಅಪ್ಪನ ಹೆಸರಿನಲ್ಲಿತ್ತು, ಮಗನ ಹೆಸರಿನಲ್ಲಲ್ಲ. ಭದ್ರತೆಯವರು ಒರಟಾಗಿ ನಡೆದುಕೊಳ್ಳಲಿಲ್ಲ, ನೀರು ಕೊಟ್ಟರು, ಮನೆಗೆ ಫೋನ್ ಮಾಡಲು ಬಿಟ್ಟರು. ಆದರೆ ತೋಟೆ ಕಂಡ ಮೇಲೆ ಪೊಲೀಸರಿಗೆ ಒಪ್ಪಿಸುವುದು ಅವರ ಕರ್ತವ್ಯ. 1999ರ ಐಸಿ-814 ಅಪಹರಣದ ನಂತರವೇ ಅಲ್ಲವೇ ನಿಲ್ದಾಣಗಳು ಒಂದೊಂದಾಗಿ ಸಿಐಎಸ್‌ಎಫ್ ಕೈಗೆ ಬಂದದ್ದು? ಎದುರಿಗಿರುವವರು ಒಳ್ಳೆಯವರಂತೆ ಕಂಡರು ಎಂದು ಬಿಟ್ಟು ಕಳಿಸುವ ಅಧಿಕಾರ ಅವರಿಗೆ ಕೊಟ್ಟಿಲ್ಲ, ಕೊಡಲೂಬಾರದು.

ಎಫ್‌ಐಆರ್ ಆಯಿತು. ಶಸ್ತ್ರಾಸ್ತ್ರ ಕಾಯ್ದೆಯ 25ನೇ ಕಲಂ. 2019ರ ತಿದ್ದುಪಡಿಯ ನಂತರ ಲೈಸೆನ್ಸಿಲ್ಲದೆ ಬಂದೂಕು ಅಥವಾ ಮದ್ದುಗುಂಡು ಇಟ್ಟುಕೊಂಡದ್ದಕ್ಕೆ ಕನಿಷ್ಠ ಎರಡು ವರ್ಷ, ಗರಿಷ್ಠ ಐದು ವರ್ಷ ಜೈಲು. ಒಂದು ತೋಟೆಗೂ ಅದೇ ಕಲಂ. ಅದೃಷ್ಟಕ್ಕೆ ನ್ಯಾಯಾಲಯಗಳು ಇದನ್ನು ಬಹಳ ಹಿಂದೆಯೇ ಯೋಚಿಸಿವೆ. 'ಹೊಂದಿರುವುದು' ಎಂದರೆ ತಿಳಿದು ಹೊಂದಿರುವುದು ಎಂದು ಸುಪ್ರೀಂ ಕೋರ್ಟ್ 1972ರಲ್ಲಿ ಗುಣವಂತಲಾಲ್ ಪ್ರಕರಣದಲ್ಲಿ ಹೇಳಿದೆ, 1994ರಲ್ಲಿ ಸಂಜಯ್ ದತ್ ಪ್ರಕರಣದಲ್ಲಿ ಸಂವಿಧಾನ ಪೀಠವೂ ಹೇಳಿದೆ. ಬ್ಯಾಗಿನಲ್ಲಿ ಒಂಟಿ ಗುಂಡು ಸಿಕ್ಕ ಪ್ರಯಾಣಿಕರ ಎಷ್ಟೋ ಪ್ರಕರಣಗಳನ್ನು ದೆಹಲಿ ಹೈಕೋರ್ಟ್ ಈ ಆಧಾರದ ಮೇಲೆ ರದ್ದು ಮಾಡಿದೆ. ನನ್ನ ಸ್ನೇಹಿತರದೂ ಕೊನೆಗೆ ಹೈಕೋರ್ಟಿನಲ್ಲಿ ರದ್ದಾಯಿತು.

ಆ 'ಕೊನೆಗೆ' ಬರಲು ಒಂದೂವರೆ ವರ್ಷ ಹಿಡಿಯಿತು. ಐಟಿಯಲ್ಲಿರುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಕ್ಲೈಂಟಿನ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಫಾರಮಿನಲ್ಲಿ 'ನಿಮ್ಮ ಮೇಲೆ ಕ್ರಿಮಿನಲ್ ಮೊಕದ್ದಮೆ ಇದೆಯೇ' ಎಂಬ ಪ್ರಶ್ನೆ ಇರುತ್ತದೆ. ವೀಸಾ ಅರ್ಜಿಯಲ್ಲೂ ಅಂಥದೇ ಪ್ರಶ್ನೆ. ಮೊಕದ್ದಮೆ ನಡೆಯುತ್ತಿದ್ದರೆ ಪಾಸ್‌ಪೋರ್ಟನ್ನೇ ನಿರಾಕರಿಸಲು ಪಾಸ್‌ಪೋರ್ಟ್ ಕಾಯ್ದೆಯಲ್ಲಿ ಅವಕಾಶವಿದೆ. ಅವರಿಗೆ ಬಂದಿದ್ದ ಆನ್‌ಸೈಟ್ ಅವಕಾಶ ಇನ್ನೊಬ್ಬರಿಗೆ ಹೋಯಿತು. ಅದಕ್ಕಿಂತ ಹೆಚ್ಚಾಗಿ ಕಾಡಿದ್ದು ಅಪ್ಪನ ಸಂಕಟ. ನನ್ನಿಂದ ಮಗನ ಕೆಲಸ ಹೋಗುತ್ತದೆ ಎಂದು ಆ ಹಿರಿಯರು ಎಷ್ಟೋ ದಿನ ಸರಿಯಾಗಿ ಊಟ ಮಾಡಲಿಲ್ಲವಂತೆ. ಲೈಸೆನ್ಸನ್ನೇ ಸರೆಂಡರ್ ಮಾಡುತ್ತೇನೆ ಎಂದು ಹೊರಟಿದ್ದರು. ವಕೀಲರೇ ತಡೆದರು: ಆ ಲೈಸೆನ್ಸ್ ಇರುವುದರಿಂದಲೇ ತೋಟೆ ಎಲ್ಲಿಂದ ಬಂತು ಎಂಬುದಕ್ಕೆ ಉತ್ತರ ಇದೆ, ಅದನ್ನು ಕಳೆದುಕೊಳ್ಳಬೇಡಿ ಎಂದು.

'ಮರೆತಿದ್ದೆ' ಎನ್ನುವುದು ನಮ್ಮ ದೇಶದ ಉತ್ತರ ಮಾತ್ರವಲ್ಲ. ಅಮೆರಿಕದಲ್ಲಿ 2023ರಲ್ಲಿ ತಪಾಸಣೆಯ ಬಳಿ ಕೈಚೀಲಗಳಲ್ಲಿ ಸಿಕ್ಕ ಬಂದೂಕುಗಳು 6,737, ಅದರಲ್ಲಿ ನೂರಕ್ಕೆ 93ರಷ್ಟು ಗುಂಡು ತುಂಬಿದವು. ಅಲ್ಲೂ ಬೀಗ ಹಾಕಿದ ಗಟ್ಟಿ ಪೆಟ್ಟಿಗೆಯಲ್ಲಿಟ್ಟು ಕೌಂಟರಿನಲ್ಲಿ ಹೇಳಿದರೆ ಕೋವಿ ಆರಾಮಾಗಿ ಹೋಗುತ್ತದೆ. ಅಲ್ಲಿ ಎಷ್ಟೋ ಜನಕ್ಕೆ ದಂಡ ಕಟ್ಟಿದರೆ ಮುಗಿಯುತ್ತದೆ, ನಮ್ಮಲ್ಲಿ ಹೈಕೋರ್ಟಿನವರೆಗೆ ಹೋಗಬೇಕು. ಒಂದು ತೋಟೆಗೆ ಇಷ್ಟು ಉದ್ದದ ದಾರಿ ಬೇಕೇ, ಲೈಸೆನ್ಸ್ ಮನೆಯವರದೇ ಎಂದು ದಾಖಲೆಯಲ್ಲಿ ಕಂಡಾಗ ದಂಡ ಹಾಕಿ ಮುಗಿಸುವ ವ್ಯವಸ್ಥೆ ಏಕಿಲ್ಲ ಎಂಬುದು ನನಗೂ ಇರುವ ತಕರಾರು. ಅದು ಸಂಸತ್ತಿಗೆ ಕೇಳಬೇಕಾದ ಪ್ರಶ್ನೆ. ಟ್ರೇ ಹಿಡಿದು ನಿಂತ ಜವಾನನ ಜೊತೆ ವಾದಿಸಿ ಫಲವಿಲ್ಲ.

ಹಾಗಾಗಿ ಈ ಗಣೇಶ ಹಬ್ಬಕ್ಕೋ ದೀಪಾವಳಿಗೋ ಕೋವಿ ಇರುವ ಮನೆಗೆ ಹೋಗುವವರು, ಮರಳುವಾಗ ಅಟ್ಟದ ಮೇಲಿನ ಬ್ಯಾಗು ತೆಗೆದರೆ ಜೇಬು ತಡಕಿದರೆ ಸಾಲದು, ಒಳಗು ಹೊರಗು ಮಾಡಿ ಬಿಸಿಲಿಗೆ ಹಾಕಿ. ಸುಟ್ಟ ಖಾಲಿ ತೋಟೆಯನ್ನು ಪೆನ್ನು ನಿಲ್ಲಿಸಲು ಚೆನ್ನಾಗಿದೆ ಎಂದು ಮಕ್ಕಳು ತಂದರೆ ಅದನ್ನೂ ಊರಲ್ಲೇ ಬಿಡಿ; ಪರದೆಯ ಮೇಲೆ ಅದು ಖಾಲಿ ಎಂದು ಬರೆದಿರುವುದಿಲ್ಲ. ನಿಲ್ದಾಣದ ಬಾಗಿಲಲ್ಲಿ ಅನುಮಾನ ಬಂದರೂ ತಪಾಸಣೆಗೆ ಬ್ಯಾಗು ಇಡುವ ಮೊದಲೇ ಅಲ್ಲಿರುವ ಸಿಬ್ಬಂದಿಗೆ ಹೇಳಿ. ತಾವಾಗಿ ಹೇಳಿದವರ ಮಾತಿಗೆ ಆಮೇಲೆ ನ್ಯಾಯಾಲಯದಲ್ಲೂ ತೂಕ ಇರುತ್ತದೆ.

ನನ್ನ ಸ್ನೇಹಿತರು ಈ ಸಲ ಊರಿಗೆ ಹೋದಾಗ ಅಪ್ಪನಿಗೆ ಒಂದು ಚರ್ಮದ ತೋಟೆ ಪಟ್ಟಿ ಕೊಡಿಸಿ ಬಂದರು. ಸೊಂಟಕ್ಕೆ ಕಟ್ಟಿಕೊಳ್ಳುವಂಥದು, ಹತ್ತು ತೋಟೆಗೆ ಹತ್ತು ಗೂಡು. ಯಾವುದು ಖಾಲಿ ಎಂಬುದು ಕಣ್ಣಿಗೆ ಕಾಣುತ್ತದೆ. ಕಂಪನಿ ಬ್ಯಾಗಿನಲ್ಲಿ ಈಗ ಎಲೆಯಡಿಕೆ ಮಾತ್ರ.